‘ಯಾಕೆ ಹೊಡೆದ’ ಅನ್ನುವ ಪ್ರಶ್ನೆ ಬಿಡುವುದು: ಹೆಣ್ಣುಮಕ್ಕಳ ಕೌನ್ಸೆಲಿಂಗ್‌ಗೆ ಮಾತು ಕಲಿಯುವವರಿಗೆ

ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವ ಹೆಂಗಸರ ಜೊತೆ ಕೂತು ಮಾತಾಡುವುದು ನಮ್ಮ ಕೆಲಸ, ಸ್ತ್ರೀವಾದಿ ಕೌನ್ಸೆಲಿಂಗ್ ಅನ್ನುತ್ತೇವೆ ಇದಕ್ಕೆ. ಹೊಸದಾಗಿ ನಮ್ಮ ಜೊತೆ ಸೇರುವ ಹುಡುಗಿಯರಿಗೆ ಮೊದಲ ದಿನ ನಾನು ಪುಸ್ತಕ ಕೊಡುವುದಿಲ್ಲ. ಒಂದು ಸ್ಟೀಲ್ ಬಟ್ಟಲು, ಒಂದು ಹಿಡಿ ಕಾಫಿ ಬೀಜ ಕೊಡುತ್ತೇನೆ. ಮೂರು ಜನ ಚಾಪೆ ಮೇಲೆ ಕೂರಬೇಕು. ಒಬ್ಬಳು ಈಚೆಗೆ ತನಗೆ ಬೇಜಾರಾದ ಒಂದು ನಿಜವಾದ ಸಂಗತಿ ಹೇಳಬೇಕು. ದೊಡ್ಡದು ಬೇಡ. ಅತ್ತಿಗೆ ಆಡಿದ ಮಾತು, ಬಸ್ಸಲ್ಲಿ ಆದ ಜಗಳ, ಅಂಥದ್ದು ಸಾಕು. ಇನ್ನೊಬ್ಬಳು 10 ನಿಮಿಷ ಕೇಳಬೇಕು. ಮೂರನೆಯವಳ ಕೈಯಲ್ಲಿ ಬೀಜ ಇರುತ್ತದೆ. ಕೇಳುವವಳು ಬುದ್ಧಿ ಹೇಳಿದಾಗಲೆಲ್ಲ ಅವಳು ಒಂದು ಬೀಜ ಬಟ್ಟಲಿಗೆ ಹಾಕಬೇಕು. ‘ಹೀಗೆ ಹೇಳಬಹುದಿತ್ತಲ್ಲ’ ಅಂದರೆ ಒಂದು ಬೀಜ. ‘ನಂಗೂ ಹಿಂಗೇ ಆಗಿತ್ತು ಗೊತ್ತಾ’ ಅಂದರೆ ಒಂದು. ‘ಹೋಗ್ಲಿ ಬಿಡು, ತಲೆ ಕೆಡಿಸ್ಕೊಬೇಡ’ ಅಂದರೆ ಎರಡು.

ಟಣ್ ಅಂತ ಸದ್ದಾಗುತ್ತದೆ. ಎದುರಿಗಿರುವವಳ ಮಾತಿನ ಮಧ್ಯೆ ನಾವು ಎಷ್ಟು ಬೇಗ ನುಗ್ಗುತ್ತೇವೆ ಅನ್ನುವುದು ಆ ಸದ್ದು ಕೇಳಿದಾಗ ಗೊತ್ತಾಗುತ್ತದೆ. ಮೊದಲ ಸಲ 10ಕ್ಕಿಂತ ಕಡಿಮೆ ಬೀಜ ಬಿದ್ದಿದ್ದನ್ನು ನಾನು ನೋಡಿಲ್ಲ. ಒಂದು ತಿಂಗಳು ದಿನಾ ಮಾಡಿದರೆ ಎರಡು ಮೂರಕ್ಕೆ ಇಳಿಯುತ್ತದೆ. ಈ ಕೆಲಸ ಕಲಿಯಬೇಕು ಅಂತಿದ್ದರೆ ಇಲ್ಲಿಂದಲೇ ಶುರು ಮಾಡಿ. ಕಾಫಿ ಬೀಜ ಸಿಗದಿದ್ದರೆ ಹುಣಸೆ ಬೀಜ ಆಗುತ್ತದೆ.

ನನ್ನದು ಆಲೂರು ಕಡೆಯ ಊರು. ಮದುವೆಯಾಗಿ ಹಾಸನಕ್ಕೆ ಬಂದೆ. ಮೊದಲು ಸ್ತ್ರೀಶಕ್ತಿ ಸಂಘದವರಿಗೆ ಹೊಲಿಗೆ ಕಲಿಸುತ್ತಿದ್ದೆ. ಮಷೀನ್ ಮುಂದೆ ತಲೆ ಬಗ್ಗಿಸಿ ಕೂತಾಗ ಹೆಂಗಸರು ಮನೆಯ ವಿಷಯ ಬಿಚ್ಚುತ್ತಾರೆ. ಯಾರ ಮುಖವನ್ನೂ ನೋಡಬೇಕಾಗಿಲ್ಲವಲ್ಲ, ಅದೇ ಧೈರ್ಯ. ಗುಂಡಿ ಹಾಕುತ್ತಾ ಹಾಕುತ್ತಾ ‘ನಿನ್ನೆ ರಾತ್ರಿ ಮನೆಯಿಂದ ಆಚೆ ಹಾಕಿದ್ರು’ ಅಂತ ಹೇಳಿ, ದಾರ ಹಲ್ಲಲ್ಲಿ ಕಡಿದು, ಮುಂದಿನ ಗುಂಡಿಗೆ ಹೋಗುತ್ತಿದ್ದರು. ಅವರ ಮಾತಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಕಲಿಯಬೇಕು ಅಂತ ಹೊರಟವಳು, ಈಗ 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಈ ಬರಹದಲ್ಲಿ ಬರುವ ಹೆಂಗಸರ ಗುರುತು ಸಿಗಬಾರದು ಅಂತ ವಯಸ್ಸು, ಊರು, ವಿವರ ಬದಲಾಯಿಸಿದ್ದೇನೆ.

ಉಪ್ಪಿನ ಬಗ್ಗೆ ಅರ್ಧ ಗಂಟೆ

ನಾನು ಕೆಲಸ ಶುರು ಮಾಡಿದ ಎರಡನೇ ವರ್ಷ. 26 ವರ್ಷದ ಹೆಂಗಸೊಬ್ಬಳು ಬಂದಳು. ಕುತ್ತಿಗೆಯ ಹತ್ತಿರ ಕಂದಿತ್ತು. ನಾನು ಕೇಳಿದ ಮೊದಲ ಪ್ರಶ್ನೆ, ‘ಯಾಕಮ್ಮ ಹೊಡೆದ?’ ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ಸಾರಿಗೆ ಉಪ್ಪು ಜಾಸ್ತಿ ಆಗಿತ್ತು’ ಅಂದಳು. ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಮಾತಾಡಿದ್ದು ಸಾರು, ಉಪ್ಪು, ಅವಳ ಅಡಿಗೆ, ಅವನ ಬಿ.ಪಿ. ಇದರ ಬಗ್ಗೆಯೇ. ಕುತ್ತಿಗೆಯ ಬಗ್ಗೆ ನಾನು ಕೇಳಲೇ ಇಲ್ಲ. ಮುಂದಿನ ವಾರ ಗಂಡನನ್ನು ಕರೆಸಿದೆ. ಎದುರುಬದುರು ಕೂರಿಸಿದೆ. ಇಬ್ಬರಿಗೂ ಸಮ ಸಮ ಬುದ್ಧಿ ಹೇಳಿದೆ. ರಾಜಿ ಬರೆಸಿ ಸಹಿ ಹಾಕಿಸಿದೆ. ಕಾಫಿ ಕುಡಿದು ಇಬ್ಬರೂ ಒಂದೇ ಬೈಕಲ್ಲಿ ಹೋದರು. ಅವತ್ತು ನನಗೆ ತುಂಬಾ ಸಮಾಧಾನ ಆಗಿತ್ತು.

20 ದಿನ ಕಳೆದ ಮೇಲೆ ಅವಳು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಬೈಯಲಿಲ್ಲ. ಮೆಲ್ಲಗೆ ಹೇಳಿದಳು: ‘ಅಕ್ಕಾ, ನೀವು ಕೇಳಿದ್ರಲ್ಲ, ಯಾಕೆ ಹೊಡೆದ ಅಂತ. ಅವರೂ ಅದೇ ಕೇಳೋದು. ಹೊಡೆದ ಮೇಲೆ ಗೋಡೆಗೆ ನಿಲ್ಲಿಸಿ, ನಾನು ಯಾಕೆ ಹೊಡೆದೆ ಹೇಳು ಅಂತಾರೆ. ನಾನು ಸರಿಯಾಗಿ ಹೇಳೋ ತನಕ ಬಿಡಲ್ಲ.’

ನನ್ನ ಪ್ರಶ್ನೆ, ಅವನ ಪ್ರಶ್ನೆ ಎರಡೂ ಒಂದೇ ಆಗಿತ್ತು. ಅವನು ಮಾಡಿದ್ದಕ್ಕೆ ಕಾರಣವನ್ನು ಅವಳಿಂದ ಕೇಳುತ್ತಿದ್ದೆ. ಇವತ್ತಿಗೂ ಆ ಮಾತು ನೆನಪಾದರೆ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ನನ್ನ ಬಾಯಿಗೆ ಬರುವ ಪ್ರಶ್ನೆ. ಬಲಗಡೆ ಅದನ್ನು ಬೇರೆ ಥರ ಕೇಳುವುದು. ನೀವೂ ಹಾಗೆ ಮಾಡಿ. ‘ಯಾಕೆ ಹೊಡೆದ?’ ಅನ್ನುವ ಜಾಗದಲ್ಲಿ ‘ಅವತ್ತು ಏನೇನಾಯ್ತು, ನಿಮಗೆ ಎಲ್ಲಿಂದ ಹೇಳಬೇಕು ಅನ್ನಿಸುತ್ತೋ ಅಲ್ಲಿಂದ ಹೇಳಿ’ ಅಂತ ಬರೆದೆ. ‘ಇಷ್ಟು ವರ್ಷ ಯಾಕೆ ಸುಮ್ನಿದ್ರಿ?’ ಅನ್ನುವುದು ‘ಇಷ್ಟು ವರ್ಷ ಹೇಗೆ ತಡೆದುಕೊಂಡ್ರಿ, ಏನು ಮಾಡ್ತಿದ್ರಿ?’ ಅಂತ ಆಯಿತು. ಈ ಎರಡನೇ ಪ್ರಶ್ನೆ ಕೇಳಿ ನೋಡಿ. ಮೊದಲನೆಯದಕ್ಕೆ ತಲೆ ತಗ್ಗಿಸುವ ಹೆಂಗಸು ಇದಕ್ಕೆ ಹೇಳುತ್ತಾಳೆ: ಮಕ್ಕಳನ್ನು ಪಕ್ಕದ ಮನೆಯಲ್ಲಿ ಮಲಗಿಸುತ್ತಿದ್ದೆ, ಅಕ್ಕಿ ಡಬ್ಬದಲ್ಲಿ ದುಡ್ಡು ಇಡುತ್ತಿದ್ದೆ, ಅವನ ಚಪ್ಪಲಿ ಸದ್ದು ಕೇಳಿಯೇ ಕುಡಿದಿದ್ದಾನಾ ಇಲ್ಲವಾ ಗೊತ್ತಾಗುತ್ತಿತ್ತು. ಅವಳು ಸುಮ್ಮನೆ ಇರಲಿಲ್ಲ, ದಿನಾ ಏನಾದರೂ ಮಾಡಿ ಬದುಕಿಕೊಂಡಿದ್ದಳು. ಅದನ್ನು ಅವಳ ಬಾಯಿಂದಲೇ ಅವಳು ಕೇಳಿಸಿಕೊಳ್ಳುತ್ತಾಳೆ.

‘ಮತ್ತೆ ವಾಪಸ್ ಯಾಕೆ ಹೋದ್ರಿ?’ ಅನ್ನುವುದನ್ನು ಪೂರ್ತಿ ಬಿಟ್ಟುಬಿಡಿ. ‘ವಾಪಸ್ ಹೋದಾಗ ಏನು ಬದಲಾಗಬಹುದು ಅಂದ್ಕೊಂಡಿದ್ರಿ?’ ಅಂದರೆ ಸಾಕು.

ನಮ್ಮ ಕನ್ನಡದಲ್ಲಿ ಹೊಡೆದವನು ಎಲ್ಲಿ ಹೋಗುತ್ತಾನೆ

ಇದು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿದ್ದಲ್ಲ. ಕೇಳಿ ಕೇಳಿ ಕಿವಿಗೆ ಬಿದ್ದಿದ್ದು. ನಮ್ಮ ಹೆಂಗಸರು ‘ಗಂಡ ಹೊಡೆದ’ ಅಂತ ನೇರವಾಗಿ ಹೇಳುವುದು ಕಡಿಮೆ. ‘ಏಟು ಬಿತ್ತು’ ಅನ್ನುತ್ತಾರೆ. ಹಲಸಿನ ಹಣ್ಣು ಬಿದ್ದ ಹಾಗೆ, ತಾನೇ ಬಿತ್ತು. ‘ಏಟು ತಿಂದೆ’ ಅನ್ನುತ್ತಾರೆ. ತಿಂದವಳು ಇವಳು. ‘ಹೊಡೆಸಿಕೊಂಡೆ’ ಅಂದರಂತೂ ಇವಳೇ ಮಾಡಿಸಿಕೊಂಡ ಹಾಗೆ. ‘ಕೈ ಮಾಡಿದ್ರು’ ಅಂದರೆ ಒಂದು ತಟ್ಟು ತಟ್ಟಿದರೇನೋ ಅನ್ನಿಸುತ್ತದೆ. ಮೂಳೆ ಮುರಿದಿದ್ದಕ್ಕೂ ಅದೇ ಮಾತು. ‘ಅವರಿಗೆ ಸಿಟ್ಟು ಬಂದುಬಿಡುತ್ತೆ’ ಅನ್ನುತ್ತಾರೆ. ಸಿಟ್ಟು ಎಲ್ಲಿಂದಲೋ ಬಂತು, ಮಳೆ ಬಂದ ಹಾಗೆ. ತೋಟದ ಮಾಲೀಕನ ಎದುರು ಆ ಸಿಟ್ಟು ಯಾಕೆ ಬರುವುದಿಲ್ಲ ಅಂತ ಯಾರೂ ಕೇಳುವುದಿಲ್ಲ. ಲೈಂಗಿಕ ಹಿಂಸೆಗಂತೂ ಮಾತೇ ಇಲ್ಲ. ‘ರಾತ್ರಿ ತೊಂದರೆ ಕೊಡ್ತಾರೆ’ ಅಂದರೆ ಅದೇ.

ಇಲ್ಲಿ ಕಲಿಯಬೇಕಾದ ಕೆಲಸ ಒಂದೇ ಒಂದು, ಆದರೆ ಕಷ್ಟದ್ದು. ಅವಳ ಮಾತನ್ನು ತಿದ್ದಬಾರದು. ‘ಏಟು ಬಿತ್ತು ಅನ್ನಬೇಡಿ, ಹೊಡೆದ ಅನ್ನಿ’ ಅಂತ ಪಾಠ ಮಾಡಬಾರದು. ಅವಳ ಮಾತನ್ನೇ, ಕಳೆದುಹೋದ ಹೆಸರು ಸೇರಿಸಿ, ಮೆಲ್ಲಗೆ ವಾಪಸ್ ಕೊಡಬೇಕು.

‘ಮೊನ್ನೆ ಏಟು ಬಿತ್ತು ಅಕ್ಕಾ.’

‘ಮೊನ್ನೆ ಅವರು ಹೊಡೆದ್ರು.’

ಅಷ್ಟೇ. ಆಮೇಲೆ ಸುಮ್ಮನಿರಿ. ಕೆಲವರು ತಲೆ ಆಡಿಸುತ್ತಾರೆ. ಕೆಲವರು ಅಳುತ್ತಾರೆ. ಒಬ್ಬರು ನನ್ನನ್ನು ದಿಟ್ಟಿಸಿ ನೋಡಿ ‘ಹೌದು, ಹೊಡೆದ್ರು’ ಅಂತ ಎರಡು ಸಲ ಹೇಳಿದರು. ಎರಡನೇ ಸಲ ಧ್ವನಿ ಗಟ್ಟಿಯಾಗಿತ್ತು.

ಇನ್ನೊಂದು ಸೂಕ್ಷ್ಮ. ಅವಳು ‘ಅವರು’ ಅಂದರೆ ನೀವೂ ‘ಅವರು’ ಅನ್ನಿ. ಅವಳು ‘ಅವನು’ ಅಂದ ಮೇಲೆ ಮಾತ್ರ ನೀವು ‘ಅವನು’ ಅನ್ನಬಹುದು. ಹೊಸಬರಿಗೆ ಸಿಟ್ಟು ಬಂದು ‘ಆ ರಾಕ್ಷಸ’ ಅಂದುಬಿಡುತ್ತಾರೆ. ಸಿಟ್ಟು ಬರುವುದು ತಪ್ಪಲ್ಲ. ಆದರೆ ಅವಳು ಇವತ್ತು ರಾತ್ರಿ ಅದೇ ಮನೆಗೆ ಹೋಗಬಹುದು. ಆಗ ಅವಳಿಗೆ ನಿಮ್ಮ ಮುಖ ನೋಡಲು ನಾಚಿಕೆ ಆಗುತ್ತದೆ, ಮುಂದೆ ಬರುವುದಿಲ್ಲ. ಅವನು ಮಾಡಿದ್ದನ್ನು ತಪ್ಪು ಅಂತ ಸ್ಪಷ್ಟವಾಗಿ ಹೇಳಿ. ಅವನಿಗೆ ಹೆಸರಿಡುವುದು ಬೇಡ.

ಗಾದೆಗಳ ವಿಷಯವೂ ಇಲ್ಲೇ ಹೇಳುತ್ತೇನೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.’ ‘ಎಲ್ಲರ ಮನೆ ದೋಸೆಯೂ ತೂತೇ.’ ಇವು ನಮ್ಮ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ಮಾತುಗಳು, ನಮಗರಿವಿಲ್ಲದೆ ಹೊರಗೆ ಬರುತ್ತವೆ. ಜಗಳದಲ್ಲಿ ಇಬ್ಬರೂ ಮಾತಾಡುತ್ತಾರೆ, ಇಬ್ಬರಿಗೂ ಸಿಟ್ಟಿರುತ್ತದೆ, ಯಾರಿಗೂ ಭಯ ಇರುವುದಿಲ್ಲ. ಹಿಂಸೆಯಲ್ಲಿ ಒಬ್ಬರಿಗೆ ಭಯ ಇರುತ್ತದೆ. ಹಾಗಾಗಿ ನಾನು ಪ್ರತಿಯೊಬ್ಬರನ್ನೂ ಕೇಳುತ್ತೇನೆ, ‘ಅವರು ಮನೆಗೆ ಬರುವ ಹೊತ್ತಾದರೆ ನಿಮಗೆ ಏನಾಗುತ್ತೆ?’ ಉತ್ತರ ಕೇಳಿದರೆ ಅದು ಜಗಳವಾ ಬೇರೆಯಾ ಅಂತ ಗೊತ್ತಾಗುತ್ತದೆ.

ಇದಕ್ಕೆ ಸ್ತ್ರೀವಾದಿ ಅಂತ ಯಾಕೆ ಅನ್ನುತ್ತೇವೆ

ಸುಮ್ನೆ ಚೆನ್ನಾಗಿ ಕೇಳುವುದು ಎಲ್ಲ ಕೌನ್ಸೆಲಿಂಗ್‌ನಲ್ಲೂ ಇದೆ. ಅಮೆರಿಕದ ಕಾರ್ಲ್ ರೋಜರ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಬಹಳ ಹಿಂದೆಯೇ ಹೇಳಿದ್ದು ಅದನ್ನೇ: ಎದುರಿಗಿರುವವರ ಜಾಗದಲ್ಲಿ ನಿಂತು ನೋಡು, ಅಳೆಯಬೇಡ, ನೀನು ನೀನಾಗಿರು. ಅದು ಬೇಕು. ಆದರೆ ಸಾಲದು. ಅದರಲ್ಲಿ ಇಬ್ಬರೇ ಇರುತ್ತಾರೆ, ಕೋಣೆಯ ಆಚೆಗಿನ ಊರು ಇರುವುದಿಲ್ಲ. ಜಮೀನು ಯಾರ ಹೆಸರಲ್ಲಿದೆ, ಅವಳ ಕೂಲಿ ಯಾರ ಕೈಗೆ ಹೋಗುತ್ತದೆ, ಅವಳ ಜಾತಿ ಯಾವುದು, ತವರಿನವರು ‘ಸತ್ತರೂ ಅಲ್ಲೇ ಸಾಯಿ’ ಅಂದರಾ, ಇದೆಲ್ಲ ಅವಳ ಮನಸ್ಸಿನ ಒಳಗಿನ ತೊಂದರೆಯಲ್ಲ. ಹೊರಗಿನಿಂದ ಅವಳ ಮೇಲೆ ಕೂತಿರುವ ಭಾರ. ನಿದ್ದೆ ಬರುವುದಿಲ್ಲ ಅಂತ ಬಂದವಳಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು, ನಿದ್ದೆ ಕೆಡಿಸುವವನ ಬಗ್ಗೆ ಕೇಳದೆ ಕಳಿಸಿದರೆ ಅರ್ಧ ಕೆಲಸವೂ ಆಗಲಿಲ್ಲ.

ಆ ಹೊರಗಿನ ಭಾರವನ್ನೂ ನೋಡುವುದರಿಂದಲೇ ಇದಕ್ಕೆ ಸ್ತ್ರೀವಾದಿ ಅನ್ನುತ್ತೇವೆ. ಇದು ಹೆಂಗಸರು ಒಟ್ಟಿಗೆ ಕೂತು ಮಾತಾಡಿ ಕಂಡುಕೊಂಡ ದಾರಿ. ಬೆಂಗಳೂರಿನಲ್ಲಿ ‘ವಿಮೋಚನಾ’ ಅನ್ನುವ ಮಹಿಳಾ ಸಂಘಟನೆ ಶುರುವಾಗಿದ್ದು 1979ರಲ್ಲಿ. ಮುಂಬೈ ಪೊಲೀಸ್ ಕಮಿಷನರ್ ಕಚೇರಿಯೊಳಗೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಶೇಷ ಘಟಕ ತೆರೆದರು. ಅದೇ 1984ರಲ್ಲಿ ಅಮೆರಿಕದ ಡುಲುತ್ ಅನ್ನುವ ಊರಿನಲ್ಲಿ, ಹಿಂಸೆ ಅನುಭವಿಸಿದ ಹೆಂಗಸರು ಹೇಳಿದ್ದನ್ನು ಸೇರಿಸಿ ಒಂದು ಚಕ್ರ ಬರೆದರು. ನಡುವೆ ‘ಅಧಿಕಾರ ಮತ್ತು ಹಿಡಿತ’. ಸುತ್ತ ಒಂದೊಂದು ಕಡ್ಡಿಯ ಮಧ್ಯೆ ಒಂದೊಂದು ವಿಧಾನ: ಹೆದರಿಸುವುದು, ಅವಮಾನ ಮಾಡುವುದು, ಜನರಿಂದ ದೂರ ಇಡುವುದು, ಮಕ್ಕಳನ್ನು ಮುಂದಿಟ್ಟು ಆಡಿಸುವುದು, ದುಡ್ಡು ತಡೆಯುವುದು. ಹೊಡೆತ, ಲೈಂಗಿಕ ಹಿಂಸೆ ಇವು ಚಕ್ರದ ಹೊರಗಿನ ಪಟ್ಟಿ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದಿಲ್ಲವಾ, ಹಾಗೆ. ಹೊಡೆಯುವುದು ಅಪರೂಪಕ್ಕೆ ಆದರೂ ಉಳಿದದ್ದನ್ನೆಲ್ಲ ಬಿಗಿಯಾಗಿ ಹಿಡಿದಿಡುವುದು ಅದೇ.

ನಾನು ಇದನ್ನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆಯುತ್ತೇನೆ. ಕಡ್ಡಿಗಳ ಮಧ್ಯೆ ಖಾಲಿ ಬಿಡುತ್ತೇನೆ, ಅವರೇ ತುಂಬಬೇಕು. ಒಬ್ಬರು ಗೃಹಲಕ್ಷ್ಮಿಯ 2000 ರೂಪಾಯಿ ಬಂದ ದಿನವೇ ಎ.ಟಿ.ಎಂ. ಕಾರ್ಡ್ ಕಿತ್ತುಕೊಳ್ಳುವುದನ್ನು ಹೇಳಿದರು. ಇನ್ನೊಬ್ಬರು ಸಂಘದಲ್ಲಿ ತನ್ನ ಹೆಸರಲ್ಲಿ ಸಾಲ ತೆಗೆಸಿ ಗಂಡ ಬೈಕ್ ತಗೊಂಡಿದ್ದನ್ನು ಹೇಳಿದರು. ಕಂತು ಕಟ್ಟುವುದು ಇವರು. ‘ಇದೂ ಹಿಂಸೆನಾ?’ ಅಂತ ಕೇಳಿದರು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಅಂತ ನಾಲ್ಕು ಬಗೆ ಬರೆದಿದೆ. ಆರ್ಥಿಕ ಅನ್ನುವುದು ಇದೇ ಅಂತ ಅವತ್ತು ಅವರಿಗೆ ಗೊತ್ತಾಯಿತು.

‘ನಂಗೊಬ್ಬಳಿಗೇ ಹಿಂಗೆ’ ಅಂತ ಅಳುವವರಿಗೆ ನಾನು ಒಂದು ಅಂಕಿ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಬೇಲೂರು ಬಸ್ಸಲ್ಲಿ ನಿಮ್ಮ ಅಕ್ಕಪಕ್ಕ ಕೂತವರನ್ನು ನೆನಪಿಸಿಕೊಳ್ಳಿ ಅನ್ನುತ್ತೇನೆ. ಎಲ್ಲರೂ ಸೆರಗು ಸರಿ ಮಾಡಿಕೊಂಡು ಕಿಟಕಿ ಆಚೆ ನೋಡುತ್ತಿರುತ್ತಾರೆ ಅಲ್ವಾ? ಈ ಅಂಕಿಯನ್ನು ಸಮಾಧಾನಕ್ಕೆ ಬಳಸಬೇಡಿ. ಎಲ್ಲರಿಗೂ ಇರುವುದೇ ಅನ್ನುವ ಅರ್ಥ ಬಂದರೆ ದೋಸೆ ತೂತಿನ ಗಾದೆಯೇ ಆಯಿತು.

ಕೂರುವುದು, ಸುಮ್ಮನಿರುವುದು

ಮಧ್ಯೆ ಟೇಬಲ್ ಬೇಡ. ಇಬ್ಬರ ಕುರ್ಚಿಯೂ ಒಂದೇ ಎತ್ತರ ಇರಲಿ. ಅವಳ ಕುರ್ಚಿ ಬಾಗಿಲಿನ ಹತ್ತಿರ ಇರಲಿ, ಎದ್ದು ಹೋಗಬೇಕು ಅನ್ನಿಸಿದರೆ ನಿಮ್ಮನ್ನು ದಾಟಿ ಹೋಗುವ ಹಾಗಿರಬಾರದು. ಎದುರುಬದುರು ಕೂರದೆ ಸ್ವಲ್ಪ ಓರೆಯಾಗಿ ಕೂತರೆ ನಮ್ಮ ಕಡೆಯವರಿಗೆ ಸಲೀಸು. ಕಣ್ಣಲ್ಲಿ ಕಣ್ಣಿಟ್ಟು ನೋಡಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ಇಲ್ಲಿ ಹಾಗೆ ನೋಡಿದರೆ ವಿಚಾರಣೆಗೆ ಕೂತ ಹಾಗಾಗುತ್ತದೆ.

ಕೈಗೆ ಏನಾದರೂ ಕೆಲಸ ಕೊಡಿ. ಇದು ನನ್ನ ಹೊಲಿಗೆ ಕ್ಲಾಸಿನಿಂದ ಬಂದಿದ್ದು. ಕೋಣೆಯಲ್ಲಿ ಒಂದು ಬುಟ್ಟಿ ತುಂಬ ಬಟ್ಟೆ ಚೂರು, ಗುಂಡಿ, ಸೂಜಿ ದಾರ ಇಟ್ಟಿದ್ದೇನೆ. ಅವರೆಕಾಯಿ ಕಾಲದಲ್ಲಿ ಕಾಯಿ ಸುಲಿಯುತ್ತಾ ಎಷ್ಟೋ ಮಾತಾಗಿವೆ. ಕೈ ಆಡುತ್ತಿದ್ದರೆ ಮೌನ ಭಾರ ಅನ್ನಿಸುವುದಿಲ್ಲ.

ಮೌನವನ್ನು ಅಭ್ಯಾಸ ಮಾಡಬೇಕು. ಫೋನಿನಲ್ಲಿ ಒಂದು ನಿಮಿಷದ ಟೈಮರ್ ಹಾಕಿ, ಗೆಳತಿಯ ಎದುರು ಏನೂ ಮಾತಾಡದೆ ಕೂತು ನೋಡಿ. ಎಷ್ಟು ಉದ್ದ ಅನ್ನಿಸುತ್ತದೆ! ಬಹಳ ಜನ ಹೆಂಗಸರು ಮುಖ್ಯವಾದದ್ದನ್ನು ಹೇಳುವುದು ಇಂಥ ಮೌನದ ಆಚೆ ಬದಿಯಲ್ಲಿ. ಅಳುವಾಗ ‘ಅಳಬೇಡಿ’ ಅನ್ನಬೇಡಿ. ನೀರಿನ ಲೋಟ ತಕ್ಷಣ ಚಾಚಬೇಡಿ, ಅದೂ ‘ನಿಲ್ಲಿಸು’ ಅಂತಲೇ ಕೇಳುತ್ತದೆ. ಕೈಗೆಟುಕುವ ಹಾಗೆ ಮೊದಲೇ ಇಟ್ಟಿರಿ. ‘ಅಳಿ ಪರವಾಗಿಲ್ಲ, ನಾನು ಇಲ್ಲೇ ಇದ್ದೀನಿ’ ಅಂದರೆ ಸಾಕು. ಮುಟ್ಟುವ ಮುಂಚೆ ಕೇಳಿ. ಅವಳ ಮೈಯನ್ನು ಕೇಳದೆ ಮುಟ್ಟಿದವರು ಸಾಕಷ್ಟು ಜನ ಆಗಿದ್ದಾರೆ.

ನಿಮ್ಮ ಸ್ವಂತ ಕಥೆ ಹೇಳಬಹುದಾ ಅಂತ ಹೊಸಬರು ಕೇಳುತ್ತಾರೆ. ಈ ಬಗೆಯ ಕೌನ್ಸೆಲಿಂಗ್‌ನಲ್ಲಿ ನಾವು ಮೇಲೆ, ಅವಳು ಕೆಳಗೆ ಅನ್ನುವ ಗೋಡೆ ಬೇಡ ಅಂತ ಇರುವುದರಿಂದ, ಹೇಳಲೇಬಾರದು ಅಂತಿಲ್ಲ. ಆದರೆ ಒಂದೇ ವಾಕ್ಯದಲ್ಲಿ ಹೇಳಿ, ತಕ್ಷಣ ಅವಳ ಕಡೆಗೆ ತಿರುಗಿ. ನಿಮ್ಮ ಕಥೆ ಕೇಳಿ ಅವಳು ನಿಮ್ಮನ್ನು ಸಮಾಧಾನ ಮಾಡಬೇಕಾಗಿ ಬಂದರೆ ಜಾಸ್ತಿ ಹೇಳಿದ್ದೀರಿ ಅಂತ ಅರ್ಥ.

ಭಾಷೆಯ ವಿಷಯ ಮರೆಯಬಾರದು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕೂಲಿಯವರಿರುವ ಲೈನ್ ಮನೆಗಳಲ್ಲಿ ತಮಿಳು, ತುಳು, ಹಿಂದಿ, ಈಗ ಅಸ್ಸಾಮಿ ಮಾತಾಡುವವರೂ ಇದ್ದಾರೆ. ಅನುವಾದಕ್ಕೆ ಅವಳ ನೆಂಟರನ್ನು, ಮಕ್ಕಳನ್ನು, ಮೇಸ್ತ್ರಿಯನ್ನು ಯಾವತ್ತೂ ಕರೆಯಬೇಡಿ. ಮೇಸ್ತ್ರಿ ಕೂತರೆ ಅವಳು ಕೂಲಿ ಉಳಿಸಿಕೊಳ್ಳುವ ಮಾತು ಮಾತ್ರ ಆಡುತ್ತಾಳೆ.

ಕೇಳಲೇಬೇಕಾದ ಪ್ರಶ್ನೆಗಳು

ಇಷ್ಟು ಹೊತ್ತು ಕೇಳಬೇಡಿ, ಹೇಳಬೇಡಿ ಅಂದೆ. ಕೆಲವನ್ನು ನೇರವಾಗಿ, ಧ್ವನಿ ನಡುಗಿಸದೆ ಕೇಳಬೇಕು. ಕತ್ತು ಹಿಸುಕಿದ್ದಾರಾ? ಕೊಲ್ಲುತ್ತೇನೆ ಅಂದಿದ್ದಾರಾ? ಮನೆಯಲ್ಲಿ ಕೋವಿ ಇದೆಯಾ? ಇತ್ತೀಚೆಗೆ ಹೊಡೆತ ಜಾಸ್ತಿ ಆಗಿದೆಯಾ? ನೀವು ಬಸುರಿಯಾಗಿದ್ದಾಗ ಹೊಡೆದಿದ್ದಾರಾ? ಬಿಟ್ಟು ಹೋಗುತ್ತೀನಿ ಅಂತ ಅವರಿಗೆ ಗೊತ್ತಾಗಿದೆಯಾ? ಕತ್ತು ಹಿಸುಕಿದ್ದರೆ ಗುರುತು ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಅಂಥ ಮನೆಯಲ್ಲಿ ಕೊಲೆ ಆಗುವ ಅಪಾಯ ಬಹಳ ಜಾಸ್ತಿ. ನಾನು ಉಪ್ಪಿನ ಬಗ್ಗೆ ಮಾತಾಡುತ್ತಾ ಕೇಳದೆ ಬಿಟ್ಟ ಪ್ರಶ್ನೆ ಇದೇ. ಬಿಟ್ಟು ಹೊರಡುವ ಸಮಯವೂ ಅಷ್ಟೇ ಅಪಾಯದ್ದು. ‘ಸುಮ್ನೆ ಬಿಟ್ಟು ಬನ್ನಿ’ ಅಂತ ಹೇಳುವ ಉತ್ಸಾಹ ಇರುವವರು ಇದನ್ನು ನೆನಪಿಡಬೇಕು.

ಸಾಯಬೇಕು ಅನ್ನಿಸಿದೆಯಾ ಅಂತಲೂ ಕೇಳಿ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಹಗುರಾಯಿತು ಅಂದವರೇ ಹೆಚ್ಚು. ಹೌದು ಅಂದರೆ, ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದಾರೆ ಅಂತ ಕೇಳಿ. ಅದನ್ನು ಮನೆಯಿಂದ ಆಚೆ ಕಳಿಸುವುದು ಯಾರ ಕೈಲಿ ಆಗುತ್ತದೆ ಅಂತ ಇಬ್ಬರೂ ಸೇರಿ ಯೋಚಿಸಿ. ಅವಳನ್ನು ಒಬ್ಬಳೇ ಕಳಿಸಬೇಡಿ. 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆಗೆ ಅಲ್ಲಿಂದಲೇ, ನಿಮ್ಮ ಫೋನಿಂದಲೇ ಮಾತಾಡಿಸಬಹುದು.

ಹೊರಡುವ ಸಂದರ್ಭ ಬರಬಹುದು ಅಂತ ಒಂದು ಚೀಲದ ಮಾತಾಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆ, ಮಾತ್ರೆ, ಆಸ್ಪತ್ರೆ ಚೀಟಿ. ಮನೆಯಲ್ಲಿಟ್ಟರೆ ಸಿಕ್ಕಿಬೀಳುತ್ತದೆ ಅಂದರೆ ನಂಬಿಕೆಯ ನೆರೆಯವರ ಹತ್ತಿರ ಜೆರಾಕ್ಸ್ ಇರಲಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ನಮಗೆ ಉಚಿತ ಆದಮೇಲೆ ಬಸ್ ಚಾರ್ಜಿಗೆ ಗಂಡನನ್ನು ಕೇಳಬೇಕಾಗಿಲ್ಲ. ಇದು ಎಷ್ಟು ದೊಡ್ಡ ಬದಲಾವಣೆ ಅಂತ ನಮ್ಮ ರಿಜಿಸ್ಟರ್ ನೋಡಿದರೆ ಗೊತ್ತಾಗುತ್ತದೆ. ಹಿಂದೆಲ್ಲ ಒಂದು ಸಲ ಬಂದು ಮಾಯವಾಗುತ್ತಿದ್ದವರು ಈಗ ಮೂರು ನಾಲ್ಕು ಸಲ ಬರುತ್ತಾರೆ.

ಕಾನೂನನ್ನು ಅಡಿಗೆಮನೆ ಭಾಷೆಯಲ್ಲಿ ಹೇಳುವುದು

ಕಾನೂನು ಗೊತ್ತಿರಬೇಕು, ಆದರೆ ಸೆಕ್ಷನ್ ನಂಬರ್ ಎಸೆಯಬೇಡಿ. 2005ರ ಕಾಯ್ದೆಯನ್ನು ನಾನು ಹೇಳುವುದು ಹೀಗೆ: ‘ಹೊಡೆಯಬಾರದು, ಹತ್ತಿರ ಬರಬಾರದು ಅಂತ ಕೋರ್ಟು ಆದೇಶ ಕೊಡಬಹುದು. ಮನೆ ನಿಮ್ಮ ಹೆಸರಲ್ಲಿ ಇಲ್ಲದಿದ್ದರೂ ಗಂಡನ ಜೊತೆ ಸಂಸಾರ ಮಾಡಿದ ಮನೆಯಿಂದ ಸುಮ್ನೆ ಆಚೆ ಹಾಕೋ ಹಾಗಿಲ್ಲ. ಖರ್ಚಿಗೆ ದುಡ್ಡು ಕೇಳಬಹುದು. ಮಕ್ಕಳನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳೋಕೆ ತಾತ್ಕಾಲಿಕ ಆದೇಶ ಕೇಳಬಹುದು. ಡೈವೋರ್ಸ್ ಕೇಳಬೇಕು ಅಂತಿಲ್ಲ.’ ಕೊನೆಯ ವಾಕ್ಯ ಕೇಳಿದಾಗ ಎಷ್ಟೋ ಜನ ಉಸಿರು ಬಿಡುತ್ತಾರೆ. ಅರ್ಜಿ ಬರೆಯಲು ನೆರವಾಗುವವರಿಗೆ ಈ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಅಧಿಕಾರಿ. ಅಂಗನವಾಡಿಯ ದೊಡ್ಡ ಮೇಡಂ ಅಂದರೆ ಎಲ್ಲರಿಗೂ ಗೊತ್ತು. ತುರ್ತಾದರೆ 112, ಸಲಹೆಗೆ 181.

ಹೇಳಿದ ಮೇಲೆ ‘ಹಾಗಾದರೆ ಕೇಸ್ ಹಾಕ್ತೀರಾ?’ ಅಂತ ಕೇಳಬೇಡಿ. ‘ಇದರಲ್ಲಿ ಯಾವುದು ನಿಮಗೆ ಉಪಯೋಗಕ್ಕೆ ಬರಬಹುದು ಅನ್ನಿಸುತ್ತೆ? ಈಗ ಯಾವುದೂ ಬೇಡ ಅನ್ನಿಸಿದರೂ ಸರಿ’ ಅನ್ನಿ. ನನಗೆ ಇದು ಕಲಿಯಲು ಬಹಳ ವರ್ಷ ಬೇಕಾಯಿತು. ನಮ್ಮ ಆಸೆಯಂತೆ ನಡೆಯದಿದ್ದರೆ ನಮ್ಮ ಮುಖದಲ್ಲೇ ಬೇಜಾರು ಕಾಣುತ್ತದೆ. ಗಂಡನ ಮುಖ ನೋಡಿ ನೋಡಿ ಪಳಗಿದ ಹೆಂಗಸಿಗೆ ನಮ್ಮ ಮುಖ ಓದುವುದು ಕಷ್ಟವಲ್ಲ. ಆಮೇಲೆ ಅವಳು ನಮಗೂ ಒಪ್ಪುವ ಉತ್ತರ ಕೊಡಲು ಶುರು ಮಾಡುತ್ತಾಳೆ.

ಗಂಡನನ್ನು ಕರೆಸಿ ಮಾತಾಡಿ ಅಂತ ಕೆಲವರು ತಾವೇ ಕೇಳುತ್ತಾರೆ. ಆಗ ಇಬ್ಬರನ್ನೂ ಒಟ್ಟಿಗೆ ಕೂರಿಸುವ ಮುಂಚೆ ಬೇರೆ ಬೇರೆ ಮಾತಾಡಿ. ಈ ಕಾಯ್ದೆಯ 2006ರ ನಿಯಮಗಳಲ್ಲಿ, ಕೋರ್ಟು ಸೂಚಿಸಿದ ಕೌನ್ಸೆಲಿಂಗ್ ಹೇಗೆ ನಡೆಯಬೇಕು ಅಂತ ಬರೆದಿದೆ. ಹೊಡೆದದ್ದಕ್ಕೆ ಗಂಡ ಸಮರ್ಥನೆ ಕೊಡುವುದಕ್ಕೆ ಅಲ್ಲಿ ಅವಕಾಶ ಇಲ್ಲ, ಮತ್ತು ಈ ಮಾತನ್ನು ಅವನಿಗೆ ಮೊದಲೇ ತಿಳಿಸಬೇಕು. ನಾವು ಕೋರ್ಟಿನ ಕೌನ್ಸೆಲರ್ ಅಲ್ಲದಿದ್ದರೂ ಈ ನಿಯಮವನ್ನೇ ಹಿಡಿದಿದ್ದೇವೆ. ಉಪ್ಪಿನ ಮಾತು ಅಲ್ಲಿಗೆ ಬರುವುದಿಲ್ಲ. ಅವನು ಶುರು ಮಾಡಿದರೆ ನಾನು ಹೇಳುತ್ತೇನೆ, ‘ಅಡಿಗೆ ವಿಷಯ ಇನ್ನೊಂದು ದಿನ. ಇವತ್ತು ನಿಮ್ಮ ಕೈ ಏನು ಮಾಡಿತು ಅನ್ನುವುದು ಮಾತ್ರ.’

ಗುಟ್ಟು ಕಾಯುವುದರ ಮಿತಿಯನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ. 18 ವರ್ಷದೊಳಗಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಪೋಕ್ಸೋ ಕಾಯ್ದೆಯ ಪ್ರಕಾರ ನಾವು ತಿಳಿಸಲೇಬೇಕು. ಎಲ್ಲ ಕೇಳಿಸಿಕೊಂಡ ಮೇಲೆ ಇದನ್ನು ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ.

ವಾರಕ್ಕೊಮ್ಮೆ, ಮತ್ತು ಫೋನಿನಲ್ಲಿ

ಶನಿವಾರ ಮಧ್ಯಾಹ್ನ ನಾವು ನಾಲ್ಕು ಜನ ಕೂರುತ್ತೇವೆ. ಒಬ್ಬೊಬ್ಬರು ಆ ವಾರದ ಒಂದು ಮಾತುಕತೆಯನ್ನು, ನೆನಪಿದ್ದಷ್ಟು ಅದೇ ಶಬ್ದಗಳಲ್ಲಿ, ಹೆಸರಿಲ್ಲದೆ ಬರೆದುಕೊಂಡು ಬರುತ್ತಾರೆ. ‘ಯಾಕೆ’ ಬಂದ ಕಡೆ ಕೆಂಪು ಗೆರೆ. ಬುದ್ಧಿ ಹೇಳಿದ ಕಡೆ ನೀಲಿ ಗೆರೆ. ಅವಳ ಮಾತನ್ನೇ ವಾಪಸ್ ಕೊಟ್ಟ ಕಡೆ ಹಸಿರು. ಓದಿ ಮುಗಿದ ಮೇಲೆ ಆ ಹಾಳೆ ಒಲೆಗೆ. 14 ವರ್ಷ ಆದ ಮೇಲೂ ನನ್ನ ಹಾಳೆಯಲ್ಲಿ ಕೆಂಪು ಇರುತ್ತದೆ. ದಣಿದ ದಿನ ಜಾಸ್ತಿ ಇರುತ್ತದೆ. ಹಾಗಾಗಿ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸಬರ ಜೊತೆ ಕೂರುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೇವೆ.

ಮಾತು ಮುಗಿಸುವಾಗ, ಮುಂದೆ ಯಾವಾಗ ಸಿಗುವುದು ಅಂತ ಅವಳೇ ಹೇಳಲಿ. ಕೊಯ್ಲಿನ ತಿಂಗಳಲ್ಲಿ ಭಾನುವಾರ ಬಿಟ್ಟು ಬೇರೆ ದಿನ ಆಗುವುದಿಲ್ಲ ಅನ್ನುತ್ತಾಳೆ. ಆಗಲಿ. ಕರಪತ್ರ, ವಿಸಿಟಿಂಗ್ ಕಾರ್ಡ್ ಕೈಗೆ ಕೊಡಬೇಡಿ, ರವಿಕೆಯೊಳಗೆ ಸಿಕ್ಕಿಬೀಳುತ್ತದೆ. ನಂಬರನ್ನು ಯಾವ ಹೆಸರಲ್ಲಿ ಸೇವ್ ಮಾಡಿದರೆ ಅನುಮಾನ ಬರುವುದಿಲ್ಲ ಅಂತ ಕೇಳಿ. ಫೋನಿನಲ್ಲಿ ಹೇಳುವ ಗುರುತಿನ ಮಾತನ್ನೂ ಅವಳೇ ಆರಿಸಲಿ. ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದಳಲ್ಲ, ಅವಳು ನನ್ನನ್ನು ‘ಟೈಲರ್ ಅಕ್ಕ’ ಅಂತ ಇಟ್ಟುಕೊಂಡಿದ್ದಳು. ‘ಬ್ಲೌಸ್ ರೆಡಿ ಆಯ್ತಾ?’ ಅಂದರೆ ಮನೆಯಲ್ಲಿ ಅಪಾಯ ಇದೆ ಅಂತ ಅರ್ಥ. ಈಗ ಅವಳು ಬೇರೆ ಊರಲ್ಲಿ ಮಕ್ಕಳ ಜೊತೆ ಇದ್ದಾಳೆ, ಆ ಮಾತು ಬಳಕೆಯಲ್ಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಂಥ ಕರೆ ಬಂದಾಗ ಗಾಬರಿಯಾಗಿ ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ. ಪಕ್ಕದಲ್ಲಿ ಅವನು ನಿಂತಿರಬಹುದು. ‘ಹೌದು’, ‘ಇಲ್ಲ’ ಅಂತ ಉತ್ತರಿಸಬಹುದಾದ ಪ್ರಶ್ನೆ ಮಾತ್ರ ಕೇಳಿ. ಪಕ್ಕದಲ್ಲಿ ಯಾರಾದರೂ ಇದ್ದಾರಾ? ಏಟಾಗಿದೆಯಾ? ಪೊಲೀಸಿಗೆ ಹೇಳಲಾ? ಲೈನಲ್ಲೇ ಇರಲಾ? ಅವತ್ತು ಅವಳು ನಾಲ್ಕು ಸಲ ‘ಹೂಂ’ ಅಂದಳು. ನಾನು ಇನ್ನೊಂದು ಫೋನಿಂದ 112ಕ್ಕೆ ಕರೆ ಮಾಡಿ ಅವಳ ಮನೆಯ ಗುರುತು ಹೇಳಿದೆ. ಈ ಫೋನಿನಲ್ಲಿ, ಜೀಪು ಬರುವ ತನಕ, ತೋಳಿನ ಅಳತೆ, ಹುಕ್ಕು, ಲೈನಿಂಗ್ ಬಟ್ಟೆಯ ಬಗ್ಗೆ ಮಾತಾಡುತ್ತಾ ಇದ್ದೆ.